ಕರುಣಮ್ಮನ ಕೈತುತ್ತು

೧೬-೧೧-೨೦೦೩, ಭಾನುವಾರ, ಹಾಸನ

ಥೂ! ಆ ನಶ್ಯದ ವಾಸನೆ ಇನ್ನೂ ಮೂಗಿನಿಂದ ಹೋಗಿಲ್ಲ.

ಮುರಿದ ಬಲಗೈಗೆ ಪುತ್ತೂರು ಕಟ್ಟು ಕಟ್ಟಿಸಿದ ಮೇಲೆ ಎಡಗೈಯಲ್ಲೇ ಗೀಚುತ್ತಿದ್ದೇನೆ. ನನ್ನ ಸಂಡೇ ಸ್ಕೂಲ್ ಮಕ್ಕಳ ಅಕ್ಷರವೇ ಇದಕ್ಕಿಂತ ವಾಸಿ.

ಇವತ್ತು ಚರ್ಚಿನಲ್ಲಿ ಸುಗ್ಗಿ ಹಬ್ಬ. ಮಕ್ಕಳಂತಾಗದಿದ್ದರೆ ದೇವರ ರಾಜ್ಯ ಸಿಗುವುದಿಲ್ಲ ಎಂದು ಪಾದ್ರಿ ಅಯ್ಯನವರು ಪ್ರಸಂಗ ಮಾಡಿದರು. ಎಲ್ಲರಿಗಿಂತ ಜೋರಾಗಿ ಆಮೆನ್ ಅಂದವಳು ನಾನೇ.

ಆಮೇಲೆ ಪಂಕ್ತಿಯಲ್ಲಿ ಮುದ್ದೆ, ಕೋಳಿಸಾರು. ಎಡಗೈಯಲ್ಲಿ ಚಮಚ ಹಿಡಿದು ಮುದ್ದೆಯ ಜೊತೆ ಗುದ್ದಾಡುತ್ತಿದ್ದೆ. ದುದ್ದದಿಂದ ಬಂದಿದ್ದ ನಾದಿನಿ ಕರುಣಮ್ಮ ಪಕ್ಕದಲ್ಲಿ ಕುಕ್ಕರಿಸಿ, ನನ್ನ ಎಲೆಯಿಂದಲೇ ಮುದ್ದೆ ಮುರಿದು, ಸಾರಲ್ಲಿ ಹೊರಳಿಸಿ ನನ್ನ ಬಾಯಿಗೆ ಹಿಡಿದಳು.

"ಬಾಯ್ ಬುಡಿ ಅತ್ಗೆ. ಮಗೀಗೆ ತಿನ್ನುಸ್ದಂಗೆ ತಿನ್ನುಸ್ತೀನಿ."

ಉಗುರಿನ ಸಂದಿಯಲ್ಲಿ ನಶ್ಯ. ಮುಂಗೈವರೆಗೂ ಇಳಿಯುವ ಸಾರು. ಎದುರು ಸಾಲಿನಲ್ಲಿ ನಾನು ಪಾಠ ಹೇಳಿದ ಹುಡುಗಿಯರು ಕಿಸಕ್ಕೆಂದರು.

"ಹಸಿವಿಲ್ಲ ಕಣೇ" ಎಂದು ಬಾಯಿ ಬಿಗಿಹಿಡಿದೆ.

ಅವಳು ಸ್ವಲ್ಪ ಹೊತ್ತು ಆ ತುತ್ತನ್ನು ಹಾಗೇ ಹಿಡಿದುಕೊಂಡಿದ್ದಳು. ಆಮೇಲೆ ತಾನೇ ನುಂಗಿ, ಕೈ ತೊಳೆಯಲು ಎದ್ದುಹೋದಳು.

ಅಸಹ್ಯ. ಅವಳ ಬೆರಳು ತೊಳೆದರೆ ಶುದ್ಧವಾಯಿತು. ನನ್ನ ಆ ಆಮೆನ್ ಇದೆಯಲ್ಲ, ಅದನ್ನು ಯಾವ ನೀರಲ್ಲಿ ತೊಳೆಯಲಿ?

ಈಗ ಹೊಟ್ಟೆ ಚುರುಗುಟ್ಟುತ್ತಿದೆ. ಒಂಟಿ ಕೈಗೆ ತಿಂಡಿ ಡಬ್ಬಿಯ ಮುಚ್ಚಳ ತೆಗೆಯಲು ಬರುತ್ತಿಲ್ಲ. ಮಲಗುವ ಮುಂಚೆ ಪ್ರಾರ್ಥನೆಗೆ ಕೂತೆ. ಈ ದಿನದ ಆಹಾರ ಕೊಡಪ್ಪಾ ಅನ್ನುವಲ್ಲಿಗೆ ಬಂದು ನಾಲಿಗೆ ನಿಂತುಹೋಯಿತು. ಕೊಟ್ಟಿದ್ದನಲ್ಲ, ತುಟಿಯ ತನಕ ತಂದು.