ಮೆಣಸಿನಕಾಯಿ ಘಾಟಿನ ಕೆಮ್ಮು

ಬ್ಯಾಡಗಿ
೧೪ ಮಾರ್ಚ್ ೨೦೦೬

ನನ್ನ ಮುದ್ದಿನ ಮಗಳು ಶೈಲಾ,

ಹೇಗಿದ್ದೀಯವ್ವಾ? ಸೊಂಟನೋವು ಇಳಿಯಿತೇ? ತಲೆಗೆ ಬೆಚ್ಚಗೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ? ಅಳಿಯಂದಿರು, ನಿನ್ನ ಅತ್ತೆ ಸುಶೀಲವ್ವನವರು ಆರಾಮವೇ? ಕೂಸಿಗೆ ಹಲ್ಲು ಬಂತೇ? ನೀನು ಬಾಣಂತನ ಮುಗಿಸಿ ರಾಣೇಬೆನ್ನೂರಿಗೆ ಹೋಗಿ ತಿಂಗಳಾಗುತ್ತ ಬಂತು, ತೊಟ್ಟಿಲ ಹಗ್ಗ ಇನ್ನೂ ಜಂತಿಯಲ್ಲೇ ಇದೆ. ಬಿಚ್ಚೋಣವೆಂದು ಕೈ ಎತ್ತಿದರೆ ಉಸಿರು ಸಾಲುವುದಿಲ್ಲ.

ಹೌದು, ನನಗೆ ಹುಷಾರಿಲ್ಲ. ಗಾಬರಿಯಾಗಬೇಡ. ನನ್ನ ಕೆಮ್ಮು ನಿನಗೆ ಗೊತ್ತೇ ಇದೆಯಲ್ಲ. "ಯವ್ವಾ, ಒಮ್ಮೆ ದವಾಖಾನಿಗೆ ತೋರಸ" ಎಂದು ನೀನು ಅಂದಾಗಲೆಲ್ಲ, "ಮೆಣಸಿನಕಾಯಿ ತೊಟ್ಟು ಬಿಡಸೋ ಹೆಂಗಸು ಕೆಮ್ಮದ ಮತ್ತ್ಯಾರು ಕೆಮ್ಮಬೇಕ? ಘಾಟು ಇದು" ಎಂದು ನಿನ್ನನ್ನೇ ಗದರಿದೆ. ದಿನವಿಡೀ ತೊಟ್ಟು ಮುರಿದು ರಾಶಿ ಹಾಕುವ ನಮ್ಮ ಓಣಿಯಲ್ಲಿ ಕೆಮ್ಮದವರು ಯಾರಿದ್ದಾರೆ ಹೇಳು. ಶಿವರಾತ್ರಿಯ ಮರುದಿನ ಕಫದಲ್ಲಿ ಕೆಂಪು ಕಂಡಿತು. ಅದನ್ನೂ ಮೆಣಸಿನಕಾಯಿಯ ಬಣ್ಣವೆಂದುಕೊಂಡೆ, ಹುಚ್ಚಿ ನಾನು! ಪಕ್ಕದ ಮನೆಯ ಮುದುಕವ್ವ ಕೈಹಿಡಿದು ಸರ್ಕಾರಿ ದವಾಖಾನೆಗೆ ಎಳೆದೊಯ್ದಳು. ಪರೀಕ್ಷೆಯಲ್ಲಿ ಟಿ.ಬಿ. ಎಂದು ಬಂತು.

ಡಾಕ್ಟರಬಾಯಿ ಸಣ್ಣ ವಯಸ್ಸಿನವರು, ನನಗೆ ತಿಳಿಯುವ ಹಾಗೆ ಹೇಳಿದರು. ರಕ್ತದಲ್ಲಿ ಕಾವಲು ಕಣಗಳಿರುತ್ತವಂತೆ. ಹೊರಗಿನ ರೋಗಾಣು ಬಂದರೆ ಹಿಡಿದು ನುಂಗಿ ಅರಗಿಸುತ್ತವಂತೆ. ಟಿ.ಬಿ. ಹುಳ ಮಾತ್ರ ಅಷ್ಟು ಸುಲಭಕ್ಕೆ ಅರಗದು, ನುಂಗಿದ ಕಣದ ಹೊಟ್ಟೆಯಲ್ಲೇ ಮನೆ ಮಾಡಿಕೊಂಡು ಕೂರುತ್ತದೆ. ಆಗ ಉಳಿದ ಕಣಗಳು ಓಡಿಬಂದು ಸುತ್ತ ಗೋಡೆಯಾಗಿ ನಿಲ್ಲುತ್ತವೆ, ವರ್ಷಾನುಗಟ್ಟಲೆ. "ಆ ಕಣಗೋಳು ಸೋತಾಗ ಹುಳ ಹೊರಗ ಬೀಳ್ತಾವ್ರಿ ಅವ್ವಾರ" ಎಂದರು. ನಿನ್ನ ಅಜ್ಜಿ ಹೊಳಿಯವ್ವ ಇದೇ ಕೆಮ್ಮಿನಲ್ಲಿ ಹೋದಳಲ್ಲ, ಕೊನೆಯವರೆಗೂ ಆಕೆಯ ಆರೈಕೆ ಮಾಡಿದವಳು ನಾನೇ. ಅಂದಿನಿಂದ ಇಪ್ಪತ್ತು ವರ್ಷ ನನ್ನೊಳಗೆ ಕಾವಲು ನಡೆದಿರಬೇಕು, ನನಗೇ ಗೊತ್ತಿರಲಿಲ್ಲ. ಆ ಕಣಗಳಿಗೂ ಸಾಕಾಗಿದೆ. ನನಗೂ ಸಾಕಾಗಿದೆ, ಶೈಲಾ.

ವಾರಕ್ಕೆ ಮೂರು ದಿನ ಅಂಗನವಾಡಿಗೆ ಹೋಗಿ ಟೀಚರ ಎದುರಿಗೇ ಏಳು ಗುಳಿಗೆ ನುಂಗುತ್ತೇನೆ. ಆ ಗುಳಿಗೆಗೆ ಮೂತ್ರ ಮೆಣಸಿನಕಾಯಿ ನೆನೆಸಿದ ನೀರಿನಂತೆ ಕೆಂಪಗೆ ಹೋಗುತ್ತದೆ. ಬ್ಯಾಡಗಿಯವಳನ್ನು ಮೆಣಸಿನಕಾಯಿ ಅಲ್ಲಿಯೂ ಬಿಡಲಿಲ್ಲ ನೋಡು! ಆರು ತಿಂಗಳು ತಪ್ಪದೆ ನುಂಗಿದರೆ ಗುಣವಂತೆ. ಚೆನ್ನಾಗಿ ಉಣ್ಣಬೇಕಂತೆ, ಆದರೆ ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಉಣ್ಣುವ ಶಕ್ತಿ ಉಳಿದಿರುವುದಿಲ್ಲ.

ಬೀಗರಿಗೆ ನನ್ನ ಶರಣು ಹೇಳು. ಕೂಸಿನ ಅಂಗಾಲಿಗೆ ನನ್ನ ಬದಲು ನೀನೇ ಒಂದು ಮುತ್ತು ಕೊಡು. ನಿಮ್ಮ ಮನೆ ತುಂಬಿರಲಿ.

ನಿನ್ನ ಅವ್ವ
ಗದಿಗೆವ್ವ

ತಾ.ಕ.: ಟೆಂಪೋ ಶಾಬುದ್ದೀನ ಈ ಕಾಗದ ಒಯ್ಯಲು ಬಾಗಿಲಲ್ಲಿ ಹಾರ್ನು ಹೊಡೆಯುತ್ತಿದ್ದಾನೆ, ನಾನು ಹೇಳಬೇಕಾದದ್ದನ್ನೇ ಬರೆದಿಲ್ಲ. ಫೋನು ಮಾಡಿದರೆ ಎತ್ತುವವರು ನಿನ್ನ ಅತ್ತೆ, ನನ್ನ ನಾಲಿಗೆ ಏಳಲಿಲ್ಲ. ಕೂಸುಗಳ ಕಾವಲು ಕಣಗಳಿಗೆ ಇನ್ನೂ ಗಟ್ಟಿ ಗೋಡೆ ಕಟ್ಟಲು ಬಾರದಂತೆ. ಐದು ತಿಂಗಳು ನಿನ್ನ ಕೂಸು ನನ್ನ ಎದೆಯ ಮೇಲೇ ಮಲಗಿತ್ತು. ಹೋಗುವ ಮುಂಚೆ ಅದು ಕೆಮ್ಮಿದಾಗ "ಘಾಟಿಗೆ ಕೆಮ್ಮತೈತಿ, ಊರಿಗೆ ಹೋದ್ರ ಕಡಿಮಿ ಆಗತೈತಿ" ಅಂದವಳೂ ನಾನೇ. ನಿಮ್ಮ ಓಣಿಯಲ್ಲಿ ಮೆಣಸಿನಕಾಯಿ ಇಲ್ಲ. ಇನ್ನೂ ಕೆಮ್ಮುತ್ತಿದೆಯೇ? ಕೆಮ್ಮದಿದ್ದರೂ ಇವತ್ತೇ ದವಾಖಾನೆಗೆ ಒಯ್ಯಿ, ಅಜ್ಜಿಗೆ ಟಿ.ಬಿ. ಇದೆ ಎಂದು ಹೇಳು. ಕೂಸುಗಳಿಗೆ ರೋಗ ಏಳದಂತೆ ಮುಂಚೆಯೇ ಕೊಡುವ ಗುಳಿಗೆ ಇದೆಯಂತೆ. ಅತ್ತೆ ಬೈದರೆ ನನ್ನ ಕಡೆಗೆ ಬೆರಳು ಮಾಡು. ಬಾಯಿಗೆ ಸೆರಗು ಕಟ್ಟಿಕೊಂಡು ಬಂದು, ನಿಮ್ಮ ಬಾಗಿಲ ಹೊರಗೆ ನಿಂತು ಬೈಸಿಕೊಳ್ಳುತ್ತೇನೆ. ಮೊದಲು ಕೂಸನ್ನು ಒಯ್ಯಿ.