‘ಎಲ್ಲರಿಗೂ’ ಅಂದ್ರೆ ಯಾರಿಗೆ?

ಬಾಗಿಲ ಮೇಲೆ ಏನು ಬರೆಯಬೇಕೆಂದು ಅಪ್ಪಣೆ ಕೊಡಿಸಿ, ಕೊನೆಗೆ ಬಾಗಿಲನ್ನೇ ಮುಚ್ಚಿಸಿದ ನಮ್ಮ ಪಟ್ಟಣದ ಮಾನ್ಯ ಆರೋಗ್ಯಾಧಿಕಾರಿಗಳೇ,

ನಾನು ಕೆಲಸ ಮಾಡುವ ಬಟ್ಟೆ ಅಂಗಡಿಯಲ್ಲಿ ಶಾಂತಿ ಎಂಬಾಕೆ ಬೆಳಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯುತ್ತಿಲ್ಲ. ಅದಕ್ಕೆ ಕಾರಣ ನೀವು. ಇದನ್ನು ಹೇಳಲೆಂದೇ ನಿಮ್ಮ ಕಚೇರಿಗೆ ಬಂದಿದ್ದೆ. ಕೌಂಟರಿನ ಮುಂದೆ ಅಷ್ಟು ಜನರ ನಡುವೆ ‘ಕಕ್ಕಸು’ ಎನ್ನಲು ಬಾಯಿ ಬರದೆ ಹಿಂತಿರುಗಿದೆ. ಬರೆಯುವಾಗ ನನಗೆ ಅಷ್ಟು ನಾಚಿಕೆಯಿಲ್ಲ.

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ಬಸ್ಸುಗಳು ನಿಲ್ಲುವ ಕಡೆ ನಮ್ಮ ಅಂಗಡಿಯಿದೆ. ಯಜಮಾನರು ಶಿವಮಲ್ಲಪ್ಪನವರು. ಕನ್ನಡ ಎಂ.ಎ. ಮುಗಿಸಿದ ನಾನು ಬಿಲ್ ಬರೆಯುತ್ತೇನೆ. ಶಾಂತಿ ಸೀರೆ ವಿಭಾಗದಲ್ಲಿದ್ದಾಳೆ. ಹುಟ್ಟಿದಾಗ ಗಂಡು ಎಂದು ಬರೆಸಿಕೊಂಡು, ತಾನು ಹೆಣ್ಣೆಂದು ತಿಳಿದು, ಹಾಗೆಯೇ ಬದುಕುತ್ತಿರುವವಳು. ಮದುವೆ ಸೀರೆ ತೆಗೆಯಲು ಕವಲಂದೆ, ಹೆಡತಲೆ ಕಡೆಯಿಂದ ಬರುವ ಹೆಂಗಸರು ಒಳಗೆ ಕಾಲಿಡುತ್ತಲೇ “ಶಾಂತಿ ಎಲ್ಲವ್ಳೆ?” ಎನ್ನುತ್ತಾರೆ. ಆಕೆ ತೆಗೆದುಕೊಡದಿದ್ದರೆ ಅವರಿಗೆ ಯಾವ ಬಣ್ಣವೂ ಹಿಡಿಸುವುದಿಲ್ಲ.

ಅಂಗಡಿಯ ಹಿಂದೆ ಇರುವುದು ಒಂದೇ ಶೌಚಾಲಯ. ಒಂದು ಬಾಗಿಲು, ಒಳಗೊಂದು ಚಿಲಕ, ಹೊರಗೊಂದು ಮೊಳೆ. ಮೊಳೆಯಲ್ಲಿ ಕೆಂಪು ಮಗ್ಗು ನೇತಾಡುತ್ತಿದ್ದರೆ ಒಳಗೆ ಯಾರೂ ಇಲ್ಲ. ಮಗ್ಗು ಇಲ್ಲದಿದ್ದರೆ ಕಾಯಬೇಕು. ಯಜಮಾನರು, ಶಾಂತಿ, ನಾನು, ಗಿರಾಕಿಗಳು, ಲಗೇಜ್ ಆಟೋದವರು, ಎಲ್ಲರೂ ಆ ಮಗ್ಗನ್ನು ನೋಡಿಯೇ ಹೋಗುತ್ತಿದ್ದೆವು. ಒಳಗಿರುವುದು ಗಂಡೋ ಹೆಣ್ಣೋ ಎಂದು ಮಗ್ಗು ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

ಆಮೇಲೆ ನಿಮ್ಮ ಸುತ್ತೋಲೆ ಬಂತು. ಅದರ ಉದ್ದೇಶ ಒಳ್ಳೆಯದೇ, ಒಪ್ಪುತ್ತೇನೆ. ಅಂಗಡಿ, ಹೋಟೆಲು, ಛತ್ರಗಳಲ್ಲಿ ಯಾರು ಬೇಕಾದರೂ ಬಳಸಬಹುದಾದ ಶೌಚಾಲಯ ಒಂದಾದರೂ ಇರಬೇಕು. ಶಾಂತಿಯಂಥವರಿಗೆ ಅನುಕೂಲವಾಗಲೆಂದೇ ಈ ನಿಯಮ. ನಾನು ಓದಿ ಹೇಳಿದಾಗ ಆಕೆ ನಕ್ಕು, “ನಮ್ಗೋಸ್ಕರ ಕಕ್ಕಸ್‌ಗೆ ಕಾನೂನ್ ಮಾಡವ್ರೆ ನೋಡಕ್ಕ, ಇನ್ಮ್ಯಾಕೆ ನಾವು ವಿಐಪಿ” ಎಂದಿದ್ದಳು. ಆದರೆ ಕೆಳಗೆ ಇನ್ನೊಂದು ಮಾತಿತ್ತು. ಒಂದೇ ಶೌಚಾಲಯ ಇರುವವರು ಬಾಗಿಲಿಗೆ ‘ಲಿಂಗ ತಟಸ್ಥ ಶೌಚಗೃಹ’ ಎಂಬ ಫಲಕವನ್ನೇ ಹಾಕಬೇಕು, ಇಲ್ಲವೇ ಗಂಡಸರಿಗೋ ಹೆಂಗಸರಿಗೋ ಎಂದು ಸ್ಪಷ್ಟವಾಗಿ ಬರೆಸಬೇಕು. ಎರಡೂ ಇಲ್ಲದಿದ್ದರೆ ಲೈಸೆನ್ಸ್ ನವೀಕರಣವಿಲ್ಲ.

ಮಾನ್ಯರೇ, ಆ ಪದವನ್ನು ಯಾವ ಊರಿನ ಬಾಗಿಲಿಗೆಂದು ಆರಿಸಿದಿರಿ? ಶಿವಮಲ್ಲಪ್ಪನವರು ಲಿಂಗಪೂಜೆ ಆಗದೆ ತೊಟ್ಟು ನೀರೂ ಬಾಯಿಗೆ ಹಾಕದವರು. ಫಲಕದ ಮಾತು ಕೇಳಿ ಅವರ ಮುಖ ಕಪ್ಪಿಟ್ಟಿತು. “ಎದೆ ಮ್ಯಾಲೆ ಕಟ್ಕೊಂಡಿರೋದ್ರ ಎಸ್ರ ಕಕ್ಕಸ್ ಬಾಗ್ಲಿಗೆ ಬರಸ್ಲಾ? ಅಂಗ್ಡಿ ಬೇಕಾರೆ ಮುಚ್ಬುಟ್ಟೇನು, ಅದೊಂದ್ ನನ್ ಕೈಲಾಗಕಿಲ್ಲ ಕಣವ್ವ.” ವ್ಯಾಕರಣದ ಲಿಂಗ ಬೇರೆ, ಪೂಜೆಯ ಲಿಂಗ ಬೇರೆ ಎಂದು ವಿವರಿಸಲು ಹೋದೆ. “ನಿನ್ ವ್ಯಾಕರಣ ಓದ್ಕಂಡು ನನ್ ಗಿರಾಕಿ ಬತ್ತರಾ?” ಎಂದರು.

ಹಾಗಾಗಿ ಸೀರೆ ಡಬ್ಬಿಯ ರಟ್ಟಿನ ಮೇಲೆ ನಾನೇ ದುಂಡಗೆ ‘ಎಲ್ಲರಿಗೂ’ ಎಂದು ಬರೆದು ಬಾಗಿಲಿಗೆ ಅಂಟಿಸಿದೆ. ಯಜಮಾನರಿಗೆ ಸಮಾಧಾನವಾಯಿತು. ನಿಮ್ಮ ಇನ್‌ಸ್ಪೆಕ್ಟರ್ ಬಂದು ಅದನ್ನು ಕಿತ್ತು ನನ್ನ ಕೈಗೆ ಕೊಟ್ಟರು.

“ಎಲ್ಲರಿಗೂ ಅಂದ್ರೆ ಯಾರಿಗಮ್ಮ? ಕ್ಲಿಯರ್ ಇಲ್ಲ ಇದು.”

“ಎಲ್ಲರಿಗೂ ಸಾರ್.”

“ಅದೇ, ಯಾರಿಗೆ?”

ಸೀರೆ ಮಡಿಸುತ್ತಿದ್ದ ಶಾಂತಿ ತಲೆ ಎತ್ತದೆ, “ನಿಮ್ನೂ ಸೇರಿಸ್ಕಂಡೇ ಸಾ, ಅರ್ಜೆಂಟಾಗಿದ್ರೆ ಓಗ್ಬನ್ನಿ” ಎಂದಳು. ಗಿರಾಕಿಗಳು ನಕ್ಕರು. ನಿಮ್ಮ ಇನ್‌ಸ್ಪೆಕ್ಟರ್ ನಗಲಿಲ್ಲ, ನೋಟಿಸ್ ಬರೆದರು.

ಲೈಸೆನ್ಸಿಗೆ ಹೆದರಿ ಯಜಮಾನರು ನಿಮ್ಮ ಎರಡನೇ ದಾರಿ ಹಿಡಿದು ‘ಮಹಿಳೆಯರಿಗೆ’ ಎಂದು ಬರೆಸಿದರು. ಗಂಡಸರು, ‘ಗಂಡಸರಿಗೆ’ ಎಂದು ಬರೆಸಿದ್ದ ಎದುರಿನ ಹೋಟೆಲಿಗೆ ಹೋದರಾಯಿತು, ಶಾಂತಿಯೂ ಹೆಣ್ಣೇ ತಾನೆ ಎಂದುಕೊಂಡರು. ನಾನೂ ಹಾಗೆಯೇ ಅಂದುಕೊಂಡೆ. ಕೆಲವೇ ದಿನಗಳಲ್ಲಿ ಒಬ್ಬ ಗಿರಾಕಿ ಹೆಂಗಸು, ಆಗಷ್ಟೇ ಶಾಂತಿಯ ಕೈಯಲ್ಲಿ ನೆರಿಗೆ ಹಿಡಿಸಿಕೊಂಡು ಕನ್ನಡಿ ನೋಡಿಕೊಂಡವಳು, ಬಾಗಿಲಿಗೆ ಅಡ್ಡ ನಿಂತಳು. “ಬೋರ್ಡ್ ಓದಕ್ ಬರಕಿಲ್ವಾ ನಿಂಗೆ?” ಮಗ್ಗು ಮೊಳೆಯಲ್ಲೇ ಇತ್ತು. ಶಾಂತಿ ಅದನ್ನು ಮುಟ್ಟದೆ ಹಿಂದೆ ಸರಿದಳು. ದೂರು ನಿಮ್ಮ ಕಚೇರಿ ಮುಟ್ಟಿತು. ಅದೇ ಇನ್‌ಸ್ಪೆಕ್ಟರ್ ಬಂದು “ಬೋರ್ಡ್ ಪ್ರಕಾರ ನಡ್ಕೊಳ್ಳಿ” ಎಂದು ಹೇಳಿ ಹೋದರು. ಯಾರ ಅನುಕೂಲಕ್ಕೆಂದು ನಿಯಮ ಬಂತೋ, ಇಡೀ ಅಂಗಡಿಯಲ್ಲಿ ಆಕೆಯೊಬ್ಬಳಿಗೆ ಮಾತ್ರ ಈಗ ಜಾಗವಿಲ್ಲ.

ಸಾಹಿತ್ಯ ಓದಿದವರಿಗೆ ಪದ ಬಿಡಿಸಿ ನೋಡುವ ಚಾಳಿ. ‘ತಟ’ ಎಂದರೆ ದಡ. ತಟಸ್ಥ ಎಂದರೆ ದಡದಲ್ಲಿ ನಿಂತವರು. ನಿಮ್ಮ ಸುತ್ತೋಲೆಯಲ್ಲಿ ಅಕ್ಷರಶಃ ಜಾರಿಗೆ ಬಂದಿರುವುದು ಇದೊಂದೇ ಪದ. ಶಾಂತಿ ನಾಲೆಯ ದಡಕ್ಕೆ ಹೋಗತೊಡಗಿದಳು, ಪೊದೆಯ ಮರೆಗೆ. ಅಲ್ಲಿ ಬೈಕು ನಿಲ್ಲಿಸಿಕೊಂಡಿದ್ದ ಹುಡುಗರು ಮೊಬೈಲ್ ಎತ್ತಿ ಹಿಡಿದು, “ನಿಂತ್ಕಂಡೋ ಕೂತ್ಕಂಡೋ, ತೋರ್ಸು ಕಣ್ಲಾ” ಎಂದು ಕೂಗಿದರಂತೆ. ಇದನ್ನು ಬರೆಯುವಾಗಲೂ ನನಗೆ ಹೇಸಿಗೆಯಾಗುತ್ತದೆ. ಆ ಹುಡುಗರ ಬಗ್ಗೆ ಎಷ್ಟೋ ನಿಮ್ಮ ಬಗ್ಗೆಯೂ ಅಷ್ಟೇ. ಅವರಿಗೆ ಬೇಕಾದ ಜಾಗಕ್ಕೆ ಆಕೆಯನ್ನು ಸೀಲು ಒತ್ತಿ ಕಳಿಸಿಕೊಟ್ಟವರು ನೀವಲ್ಲವೆ?

ಅಂದಿನಿಂದ ಆಕೆ ನೀರು ಬಿಟ್ಟಿದ್ದಾಳೆ. ಬಿಸಿಲಲ್ಲಿ ಬಂದವರಿಗೆ ಲೋಟ ತುಂಬಿ ಕೊಡುತ್ತಾಳೆ, ತಾನು ಕುಡಿಯುವುದಿಲ್ಲ. ಉರಿಮೂತ್ರವಾಗಿ ರಜೆ ಹಾಕಿದಳು. ನಿನ್ನೆ, “ಈ ತಿಂಗ್ಳು ಮುಗುದ್ರೆ ಕೆಲ್ಸ ಬುಡ್ತೀನಿ ಕಣಕ್ಕ” ಎಂದಳು. ಬಿಟ್ಟು ಏನು ಮಾಡುತ್ತೀಯ ಎಂದು ಕೇಳಿದೆ. “ಕೈ ಚಾಚಕ್ಕೆ ಟೋಲು, ಸಿಗ್ನಲ್ಲು ಇದ್ದೇ ಅದಲ್ಲ. ಅಲ್ಲಿ ಬೋರ್ಡ್ ಇರಕಿಲ್ಲ.”

ಇನ್ನೊಂದು ವಿಷಯ. ಬಾಯಿ ಬಿಡಲಾಗದೆ ನಿಮ್ಮ ಕಚೇರಿಯಲ್ಲಿ ನಿಂತಿದ್ದಾಗ ಕಣ್ಣಿಗಂತೂ ಕೆಲಸವಿತ್ತು. ನಿಮ್ಮ ಕಟ್ಟಡದ ಹಿಂದಿನ ಜಗುಲಿಯಲ್ಲೂ ಒಂದೇ ಶೌಚಾಲಯ. ಫಲಕವಿಲ್ಲ. ಗಂಡು ಹೆಣ್ಣೆನ್ನದೆ ನಿಮ್ಮ ಸಿಬ್ಬಂದಿಯೆಲ್ಲ ಅಲ್ಲಿಗೇ ಹೋಗುತ್ತಾರೆ. ಒಳಗೆ ಜನವಿದ್ದರೆ ಬಾಗಿಲ ಮೇಲೆ ಒಂದು ಬಿಳಿ ಟವೆಲು ಬೀಳುತ್ತದೆ, ಥೇಟ್ ನಿಮ್ಮ ಕುರ್ಚಿಯ ಮೇಲಿರುವಂಥದೇ. ನಿಮ್ಮ ಟವೆಲಿಗೆ ಅರ್ಥವಾದದ್ದು ನಿಮ್ಮ ಸುತ್ತೋಲೆಗೆ ಏಕೆ ಅರ್ಥವಾಗಲಿಲ್ಲ?

ನನ್ನ ಬೇಡಿಕೆ ದೊಡ್ಡದಲ್ಲ. ಈ ತಿಂಗಳು ಮುಗಿಯುವುದರೊಳಗೆ ನೋಟಿಸ್ ವಾಪಸ್ ಪಡೆಯಿರಿ. ಬಾಗಿಲಿಗೆ ‘ಎಲ್ಲರಿಗೂ’ ಎಂದಿದ್ದರೆ ಸಾಕೆಂದು ಬರೆದು ಕೊಡಿ. ಅದಾಗದಿದ್ದರೆ ನೀವೇ ಒಮ್ಮೆ ಬಂದು ಬೆಳಗ್ಗೆಯಿಂದ ಸಂಜೆಯವರೆಗೆ ನಮ್ಮ ಅಂಗಡಿಯಲ್ಲಿ ಕೂತಿರಿ. ಶಾಂತಿ ನೀರು ಕೊಡುತ್ತಾಳೆ, ಕೊಟ್ಟಷ್ಟೂ ಕುಡಿಯಿರಿ. ಆಮೇಲೆ ನಾಲೆಯ ದಡಕ್ಕೆ ದಾರಿ ನಾನು ತೋರಿಸುತ್ತೇನೆ. ‘ಎಲ್ಲರಿಗೂ’ ಅಂದ್ರೆ ಯಾರಿಗೆಂದು ಅಲ್ಲಿ ನಿಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಂತಿ,
ಕಿತ್ತು ಕೊಟ್ಟ ರಟ್ಟನ್ನು ಇನ್ನೂ ಬಿಲ್ ಪುಸ್ತಕದ ಕೆಳಗೆ ಇಟ್ಟುಕೊಂಡಿರುವ,
ನಯನ