ಏರಿಯವರನ್ನು ‘ಇತರೆ’ ಮಾಡಿದ ಅಧಿಕಾರಿಗಳಿಗೆ

ಖಾನೇಷುಮಾರಿ ಕಚೇರಿಯ ಮೇಲಧಿಕಾರಿಗಳಾದ ಮಾನ್ಯರೇ,

ನಮ್ಮ ಹೋಬಳಿಯಲ್ಲಿ ನೂರಕ್ಕೆ ಎಪ್ಪತ್ತು ಮಂದಿ ಏರಿಯವರು. ಕೆರೆಗೆ ಏರಿ ಕಟ್ಟಿ, ಅದರ ಕೆಳಗೆ ಬೇಸಾಯ ಮಾಡಿಕೊಂಡು ಬಂದವರು. ೧೯೩೧ರ ಗಣತಿಯೆಂದು ತಾವು ಅಚ್ಚು ಹಾಕಿಸಿದ ಪುಸ್ತಕದ ಜಾತಿ ಪಟ್ಟಿಯಲ್ಲಿ ಈ ಎಪ್ಪತ್ತು ಮಂದಿ ‘ಇತರೆ’. ಉಳಿದ ಮೂವತ್ತು ಮಂದಿಗೆ ಹನ್ನೊಂದು ಹೆಸರು! ಹೆಚ್ಚಿನವರೇ ಇತರೆಯಾಗುವ ಈ ಗಣಿತ, ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದ ನನಗೆ ತಿಳಿದಿರಲಿಲ್ಲ. ಹಳೆಯ ಪಟ್ಟಿಯಲ್ಲಿ ಆ ಹೆಸರಿಲ್ಲ, ಆದ್ದರಿಂದ ಆ ಜನವೂ ಇಲ್ಲವೆಂಬುದು ತಮ್ಮ ಕಚೇರಿಯ ಘನವಾದ ವಾದ. ಹಾಗಾದರೆ ಹೂಳೆತ್ತಲು ‘ಏರಿಯವರು ಬರತಕ್ಕದ್ದು’ ಎಂದು ಸರ್ಕಾರವೇ ಡಂಗುರ ಹೊಡೆಸಿದಾಗ ಗುದ್ದಲಿ ಹಿಡಿದು ಬರುವವರು ಯಾರು, ಸ್ವಾಮಿ?

ಸೂಲಗಿತ್ತಿ ಕೆಂಚಮ್ಮನ ಮಗಳು ಅಶ್ವತ್ಥಮ್ಮ ನನ್ನಲ್ಲೇ ಓದಿದವಳು. ಹಿಂದುಳಿದವರಿಗೆ ಮೀಸಲಾದ ಸೂಲಗಿತ್ತಿ ತರಬೇತಿಯ ಒಂದು ಸ್ಥಾನಕ್ಕೆ ಅರ್ಜಿ ಹಾಕಿಸಿ, ಕಳೆದ ಆಷಾಢದಲ್ಲಿ ನಾನೇ ಮಧುಗಿರಿಯ ತಾಲ್ಲೂಕು ಕಚೇರಿಗೆ ಕರೆದುಕೊಂಡು ಹೋದೆ. ಅಲ್ಲಿನ ಗುಮಾಸ್ತರು ಆ ಗಣತಿ ಪುಸ್ತಕವನ್ನೇ ತಿರುವಿ ಹಾಕಿ, ಏರಿಯವರೆಂಬ ಜನವೇ ಇಲ್ಲವೆಂದರು. ಮತ್ತೆ ಕನಿಕರಪಟ್ಟು, ಪಟ್ಟಿಯಲ್ಲಿರುವ ಯಾವುದಾದರೂ ಒಂದು ಹೆಸರು ಆರಿಸಿಕೊಂಡರೆ ಕೆಲಸವಾದೀತೆಂದರು. ಒಪ್ಪಿಕೊಳ್ಳೆಂದು ನಾನೂ ಸನ್ನೆ ಮಾಡಿದೆ.

ಆಕೆ ತಲೆ ಎತ್ತಿ, “ನಾಳಿಕೆ ಬಾಣಂತಿ ಮನೇಲಿ ನೀನ್ಯಾರ ಪೈಕಿ ಅಂತ ಕೇಳಿದ್ರೆ, ಪಟ್ಟಿ ನೋಡ್ಕಂಡು ಹೇಳ್ಲಾ ಸ್ವಾಮಿ?” ಎಂದಳು. ಅರ್ಜಿ ವಾಪಸು ಬಂತು. ಸ್ಥಾನ ಬೇರೆಯವರ ಪಾಲಾಯಿತು.

ಊರಿಗೆ ಬಂದಾಗ ಕೆಂಚಮ್ಮ ಮಗಳನ್ನು ಬಿಟ್ಟು ನನ್ನ ಕಡೆ ತಿರುಗಿ, “ನೀವೇ ಬಾಗ್ಲಿಗೆ ಬಂದು ಬರ್ಕಂಡೋಗಿದ್ರಲ್ಲ ಮೇಷ್ಟ್ರೇ, ಅದೆಂಗೆ ಇಲ್ದಂಗಾಯ್ತು?” ಎಂದಳು. ಆ ಗಣತಿಯಲ್ಲಿ ನಮ್ಮ ಊರಿನ ಗಣತಿದಾರ ನಾನೇ. ಮನೆಮನೆಯಲ್ಲೂ ಕೇಳಿ, ಹೇಳಿದಂತೆಯೇ ಬರೆದಿದ್ದೆ. ತಮ್ಮ ಮೇಲ್ವಿಚಾರಕರು ಶಾಲೆಯ ಜಗಲಿಯಲ್ಲಿ ಕೂತು, ಒಬ್ಬರ ಮುಖವನ್ನೂ ನೋಡದೆ, ಹಾಳೆ ಹಾಳೆಯಲ್ಲೂ ಏರಿಯವರೆಂಬ ಹೆಸರಿಗೆ ಕೆಂಪು ಗೀಟು ಎಳೆದು ‘ಇತರೆ’ ಎಂದು ಬರೆದರು. ಮನೆಗಳನ್ನು ಸುತ್ತಿದವನಿಗೆ ತಿಳಿಯದ್ದು ಜಗಲಿಯವರಿಗೆ ತಿಳಿದದ್ದು ಯಾವ ವಿದ್ಯೆಯಿಂದ?

ನನ್ನ ಕೇಳಿಕೆ ಇಷ್ಟು. ತಿದ್ದುಪಡಿ ಅಚ್ಚಾಗಬೇಕು, ಮುಂದಿನ ತಂಡದಲ್ಲಿ ಅಶ್ವತ್ಥಮ್ಮನಿಗೆ ಸ್ಥಾನ ಸಿಗಬೇಕು. ಆಗದೆಂದಾದರೆ ತಾವೇ ದಯಮಾಡಿಸಿ, ಕೆಂಚಮ್ಮನ ಎದುರಿಗೆ ನಿಂತು, ಆಕೆ ಯಾರೆಂದು ಆಕೆಗೇ ಹೇಳಿಹೋಗಬೇಕು.

ಇಂತಿ,
ಗೀಟು ಬೀಳುವಾಗ ಪಕ್ಕದಲ್ಲೇ ನಿಂತು, ಕೆಂಪು ಶಾಯಿಯ ದವತಿ ಹಿಡಿದುಕೊಂಡು, ಬಾಯಿ ಬಿಡದಿದ್ದ
ನಾಗಲಿಂಗಯ್ಯ
ನಿವೃತ್ತ ಉಪಾಧ್ಯಾಯ, ಬಡವನಹಳ್ಳಿ